ಇಸಕ್ಕಿಮುತ್ತುವಿನ ಸನ್ನಡತೆಯ ಕೊನೆಯ ದಿನ

ಈ ಕತೆ ಹೇಳುವ ಯೋಗ್ಯತೆ ನನಗಿದೆಯೇ ಎಂದು ಈಗಲೂ ಅನುಮಾನ. ಕೋರ್ಟಿನ ವಿಷಯವನ್ನು ಕೋರ್ಟಿನವರೇ ಹೇಳಬೇಕು. ಜಾಮೀನು ಯಾವುದು, ಪ್ರೊಬೇಷನ್ ಯಾವುದು ಎಂದು ಮೂರು ಸಲ ಕೇಳಿ ತಿಳಿದುಕೊಂಡು ನಾಲ್ಕನೆಯ ಸಲ ಮರೆತವನು ನಾನು. ವಕೀಲರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ವೆಳ್ಳಾಂಗುಳದ ಪಡುವಣ ಬೀದಿಯಲ್ಲಿ ಆ ಶುಕ್ರವಾರ ಇಸಕ್ಕಿಮುತ್ತುವಿಗೆ ಆದದ್ದನ್ನು ಹತ್ತಿರದಿಂದ ಕಂಡವರು ಬೇರೆ ಯಾರೂ ಬರೆಯುವಂತೆ ಕಾಣಲಿಲ್ಲ. ಅದಕ್ಕೇ ಈ ಧೈರ್ಯ.

ಎಲ್ಲಕ್ಕೂ ಕಾರಣ ಒಂದು ಹಿತ್ತಾಳೆ ಚೊಂಬು.

ಇಸಕ್ಕಿಮುತ್ತು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಟೈಂಕೀಪರು. ಖಾಸಗಿ ಬಸ್ಸುಗಳು ನಿಮಿಷಕ್ಕೆ ಸರಿಯಾಗಿ ಹೊರಡುವಂತೆ ಕೂಗುವುದು ಅವನ ಉದ್ಯೋಗ. ಅವನು ಕೂಗಿದರೆ ಡ್ರೈವರು ಮಾತ್ರವಲ್ಲ, ಪಕ್ಕದ ನಿಲ್ದಾಣದ ಎತ್ತಿನ ಗಾಡಿಯೂ ಹೊರಟುಬಿಡುತ್ತಿತ್ತು. ಮೂರು ವರ್ಷದ ಹಿಂದೆ ಮಾರ್ಗಳಿ ತಿಂಗಳಲ್ಲಿ, ಎಂದರೆ ಧನುರ್ಮಾಸದಲ್ಲಿ, ಅಮ್ಮನ್ ಗುಡಿಯವರು ಭಕ್ತಿಗೀತೆಯ ಧ್ವನಿವರ್ಧಕವನ್ನು ಅವನ ಕಿಟಕಿಯೆದುರಿನ ಬೇವಿನ ಮರಕ್ಕೆ ಕಟ್ಟಿದರು. ಇಪ್ಪತ್ತು ದಿನ ನಸುಕಿಗೇ ಎದ್ದು ಕೇಳಿದ. ಇಪ್ಪತ್ತೊಂದನೆಯ ದಿನ ಕೈಯಲ್ಲಿದ್ದ ಚೊಂಬನ್ನು ಬೀಸಿದ. ಗುರಿ ತಪ್ಪಲಿಲ್ಲ, ಅದೇ ತಪ್ಪಾಯಿತು. ಚೊಂಬು ಧ್ವನಿವರ್ಧಕಕ್ಕೆ ಬಡಿಯಿತು, ಧ್ವನಿವರ್ಧಕ ಕೆಳಗೆ ನಿಂತು ಟೀ ಕುಡಿಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಅರುಣಾಚಲಪಾಂಡಿಯವರ ತಲೆಗೆ ಬಡಿಯಿತು. ಆರು ಹೊಲಿಗೆ.

ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನಿಗೆ ಗಾಯ ಮಾಡಿದ ಕೇಸು. ಹನ್ನೊಂದು ದಿನ ಒಳಗಿದ್ದ. ಆಮೇಲೆ ಎದುರು ಮನೆಯ, ಬೀದಿಗೆಲ್ಲ ದೊಡ್ಡಣ್ಣನಾದ ಪರಮಶಿವಂ ಅಣ್ಣಾಚ್ಚಿ ಜಾಮೀನು ನಿಂತು ಬಿಡಿಸಿದರು. ಕೇಸು ಎರಡು ವರ್ಷ ನಡೆಯಿತು. ಕೊನೆಗೆ ಮ್ಯಾಜಿಸ್ಟ್ರೇಟರು, ತಪ್ಪು ಸಾಬೀತಾಗಿದೆ, ಆದರೆ ಮೊದಲ ತಪ್ಪು, ಕುಟುಂಬಸ್ಥ, ಆದ್ದರಿಂದ ಜೈಲು ಬೇಡ, ಒಂದು ವರ್ಷ ಯಾರೊಂದಿಗೂ ಜಗಳವಾಡದೆ ಸನ್ನಡತೆಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆದುಕೊಡಲಿ, ಪ್ರೊಬೇಷನ್ ಅಧಿಕಾರಿ ಅವನ ಮೇಲೆ ಕಣ್ಣಿಟ್ಟಿರಲಿ ಎಂದರು. ವರ್ಷದೊಳಗೆ ಒಂದು ದೂರು ಬಂದರೂ ಕರೆಸಿ ಶಿಕ್ಷೆ ಹೇಳುತ್ತಾರೆ. ಆ ಮುಚ್ಚಳಿಕೆಗೂ ಅಣ್ಣಾಚ್ಚಿಯೇ ಜಾಮೀನು.

ಜೈಲಾದರೆ ಟೈಂಕೀಪರ್ ಕೆಲಸ ಹೋದಂತೆ. ಅದಕ್ಕೆ ಇಸಕ್ಕಿಮುತ್ತು ಬಾಯಿ ಕಟ್ಟಿದ. ಅವನು ಬಾಯಿ ಕಟ್ಟಿದ್ದು ತಿಳಿಯುತ್ತಲೇ ಬೀದಿಯವರು ಬಾಯಿ ಬಿಚ್ಚಿದರು. ಗುಡಿಯವರು ಬೇವಿನ ಮರಕ್ಕೆ ಎರಡನೆಯ ಧ್ವನಿವರ್ಧಕ ಕಟ್ಟಿದರು. ಒಬ್ಬರು ಸ್ಕೂಟರನ್ನು ಅವನ ಮೆಟ್ಟಿಲಿಗೇ ಒರಗಿಸಿದರು, ಇನ್ನೊಬ್ಬರು ಕಸವನ್ನು ಅವನ ಬಾಗಿಲ ಬಳಿ ಗುಡಿಸಿ ಗುಡ್ಡೆ ಹಾಕಿದರು. ಇಸಕ್ಕಿಮುತ್ತು ಕೋಪ ಬಂದಾಗಲೆಲ್ಲ ಕಣ್ಣು ಮುಚ್ಚಿ ನೆಲ್ಲೈಯಿಂದ ತೆನ್‌ಕಾಸಿಯವರೆಗಿನ ನಿಲ್ದಾಣಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದನ್ನು ರೂಢಿಸಿಕೊಂಡ. ಸಣ್ಣ ಕೋಪ ಪೇಟ್ಟೈ ಹೊತ್ತಿಗೇ ಇಳಿಯುತ್ತಿತ್ತು. ಮಧ್ಯಮ ಕೋಪ ಆಲಂಗುಳಂವರೆಗೆ. ಧ್ವನಿವರ್ಧಕಗಳಿಗೆ ಮಾತ್ರ ಪಾವೂರ್‌ಛತ್ರದವರೆಗೆ ಹೋಗಬೇಕಾಗುತ್ತಿತ್ತು.

ಹೀಗೆ ಒಂದು ವರ್ಷ ಮುಗಿಯುವ ಹಂತಕ್ಕೆ ಬಂತು. ಐದು ದಿನ ಮುಂಚೆ ಟೀ ಅಂಗಡಿಯಲ್ಲಿ ಅವನು ಬಹಳ ಮೆತ್ತಗೆ ಒಂದು ಮಾತು ಹೇಳಿದ್ದ. "ಬರೋ ಶುಕ್ರವಾರಕ್ಕೆ ನಂದು ಮುಗೀತದೆ. ಶನಿವಾರ ಬೆಳಿಗ್ಗೆ ಆರಕ್ಕೆ ಮೇಲಿನ ಮನೆಯಿಂದ ಶುರು ಮಾಡ್ತೀನಿ. ಸಾಲಾಗಿ ಬರ್ತೀನಿ. ಯಾರೂ ಬೇಜಾರು ಮಾಡ್ಕೋಬೇಡಿ, ಒಬ್ಬರನ್ನೂ ಬಿಡಲ್ಲ."

ಕೂಗಿ ಹೇಳಿದ್ದರೆ ನಗುತ್ತಿದ್ದರು. ಮೆತ್ತಗೆ ಹೇಳಿದ್ದಕ್ಕೆ ಇಡೀ ಬೀದಿಗೆ ಆ ರಾತ್ರಿ ಊಟ ಸೇರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಅವನ ಹೆಂಡತಿ ಪೇಚ್ಚಿಯಮ್ಮಾಳ್ ಇಡ್ಲಿ ಬಡಿಸುತ್ತ, "ಇವತ್ತೊಂದಿನ. ಯಾರೇನಂದ್ರೂ ತಲೆ ಆಡಿಸ್ಕೊಂಡು ಬನ್ನಿ" ಎಂದಳು.

"ನಾಳೆ ಬೆಳಿಗ್ಗೆ ನೋಡು ಪೇಚ್ಚಿ," ಎಂದ ಇಸಕ್ಕಿಮುತ್ತು, ಗಂಟಲು ನೀವಿಕೊಂಡು. "ಜೇನುತುಪ್ಪ ಇದ್ರೆ ಒಂದು ಚಮಚ ಕೊಡು. ಗಂಟಲು ಹದ ಮಾಡ್ಕೋಬೇಕು."

ಪೇಚ್ಚಿ ಇಡ್ಲಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಅಣ್ಣಾಚ್ಚಿಯ ಮನೆಯಿಂದ ಕರೆ ಬಂತು.

ಅಣ್ಣಾಚ್ಚಿಯ ಪಡಸಾಲೆಯಲ್ಲಿ ಹೊಸ ಜಮಖಾನ ಹಾಸಿತ್ತು. ಮಗಳನ್ನು ನೋಡಲು ಶಂಕರನ್‌ಕೋವಿಲಿನಿಂದ ಗಂಡಿನ ಕಡೆಯವರು ಬಂದಿದ್ದರು. ಗಂಡಿನ ದೊಡ್ಡಪ್ಪ ಕೈಯಲ್ಲಿ ಕಾಫಿ ಹಿಡಿದಿದ್ದರೆ, ದೊಡ್ಡಮ್ಮ ಎಲ್ಲವನ್ನೂ ಬೆಲೆ ಕಟ್ಟುವವರಂತೆ ನೋಡುತ್ತಿದ್ದರು.

"ಬಾರಲೇ ಇಸಕ್ಕಿ, ಬಾ. ಬೆಳಕಿಗೆ ಬಂದು ನಿಂತ್ಕೋ," ಎಂದರು ಅಣ್ಣಾಚ್ಚಿ. ಆಮೇಲೆ ಬಂದವರ ಕಡೆ ತಿರುಗಿ, "ನಾನು ಹೇಳಿದ್ನಲ್ಲ, ಇವನೇ" ಎಂದರು.

"ಸಂಬಂಧಿಕರಾ?" ದೊಡ್ಡಪ್ಪ ಕೇಳಿದರು.

"ಅದಕ್ಕಿಂತ ಹತ್ತಿರ. ನಮ್ಮ ಅಪರಾಧಿ."

ದೊಡ್ಡಪ್ಪ ಕಾಫಿ ಕೆಳಗಿಟ್ಟರು. "ಸ್ವಂತದ್ದಾ?"

"ಸ್ವಂತದ್ದೇ. ನನ್ನ ಒಂದು ಸಹಿ ಮೇಲೆ ಹೊರಗಿದ್ದಾನೆ. ನಾನು ಸಾಕು ಅಂದ್ರೆ ಸಂಜೆಗೆ ಒಳಗೆ."

"ಅಣ್ಣಾಚ್ಚಿ, ಹಾಗೆ ಹಿಂದಕ್ಕೆ ಕೊಡೋದು ಜಾಮೀನಲ್ಲಿ," ಇಸಕ್ಕಿಮುತ್ತು ವಿನಯದಿಂದ ಹೇಳಿದ. "ಕೇಸ್ ನಡೀತಿರೋವಾಗ ಬಿಡೋದು ಬೇಲು. ಅದು ಮುಗಿದು ವರ್ಷ ಆಯ್ತು. ಇದು ಪ್ರೊಬೇಷನ್. ತೀರ್ಪು ಆದ್ಮೇಲೆ..."

"ನೋಡಿದ್ರಾ, ಎಷ್ಟು ಚೆನ್ನಾಗಿ ಮಾತಾಡ್ತಾನೆ," ಎಂದರು ಅಣ್ಣಾಚ್ಚಿ.

ದೊಡ್ಡಮ್ಮ ಸೆರಗು ಎಳೆದುಕೊಂಡು ಹಿಂದೆ ಸರಿದರು. "ಮೈಮೇಲೆ ಬರಲ್ಲ ತಾನೆ?"

"ಚಿನ್ನದಂಥ ಮನುಷ್ಯ ಅಮ್ಮಾ. ಬೇಕಾದ್ರೆ ಅಯ್ಯಾ ಒಂದ್ಮಾತು ಬೈದು ನೋಡ್ಲಿ. ಲೇ ಇಸಕ್ಕಿ, ಅಲ್ಲಾಡಬೇಡ."

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಕಟ್ಟಿದ ನಾಯಿಯನ್ನು ಮುಟ್ಟಿ ನೋಡುವವರ ಸಂಕೋಚದಿಂದ, "ಲೇ ಕಳ್ಳ" ಎಂದರು.

"ಅಯ್ಯಾ, ಕಳ್ಳತನ ಅಲ್ಲ. ಚೊಂಬಿನ ಕೇಸು," ಎಂದ ಇಸಕ್ಕಿಮುತ್ತು. ಕಣ್ಣು ಮುಚ್ಚಿದ. ಪೇಟ್ಟೈ. ಮಾರಾಂದೈ.

"ಭೇಷ್!" ದೊಡ್ಡಪ್ಪ ಅಣ್ಣಾಚ್ಚಿಯ ಕೈ ಹಿಡಿದುಕೊಂಡರು. "ನಮ್ಮೂರಲ್ಲಿ ಕಾರಿದ್ದವರು ಇದ್ದಾರೆ, ರೈಸ್ ಮಿಲ್ ಇದ್ದವರು ಇದ್ದಾರೆ. ಇಂಥದ್ದು ಯಾರ ಹತ್ರನೂ ಇಲ್ಲ."

ಅವರು ಕೈ ತೊಳೆಯಲು ಹೋದಾಗ ಅಣ್ಣಾಚ್ಚಿ ಇಸಕ್ಕಿಮುತ್ತುವನ್ನು ಮೂಲೆಗೆ ಕರೆದು, ಟೈಪು ಮಾಡಿದ ಒಂದು ಕಾಗದ ಕೊಟ್ಟರು. ಕೋರ್ಟಿನ ಮುಂದೆ ಅರ್ಜಿ ಬರೆಯುವವರ ಹತ್ತಿರ ಮಾಡಿಸಿದ್ದು. ಒಂದೂವರೆ ಪುಟ ಇಂಗ್ಲಿಷು, ಉಸಿರು ಬಿಡದಂತೆ ಒತ್ತೊತ್ತಾಗಿ.

"ಇದೇನಣ್ಣಾಚ್ಚಿ?"

"ನಿನ್ನ ನಡತೆ ಕಾಗದ. ಹತ್ತು ಜನ ಸಹಿ ಹಾಕ್ಬೇಕು. ಸಂಜೆ ನಾಲ್ಕಕ್ಕೆ ಪ್ರೊಬೇಷನ್ ಮೇಡಂ ಕೈಗೆ ಕೊಡು. ಇವತ್ತು ತಪ್ಪಿದ್ರೆ ಪ್ರಯೋಜನ ಇಲ್ಲ. ಮೊದಲನೇದು ಪೇಚ್ಚಿ ಹಾಕಿದಾಳೆ, ಎರಡನೇದು ನಾನು."

ಇಸಕ್ಕಿಮುತ್ತುವಿಗೆ ಬಸ್ಸಿನ ಬೋರ್ಡುಗಳಲ್ಲಿರುವ ಇಂಗ್ಲಿಷು ಬರುತ್ತಿತ್ತು. ಈ ಕಾಗದದಲ್ಲಿ ಊರಿನ ಹೆಸರುಗಳೇ ಕಡಿಮೆ. ಆದರೂ ಮೊದಲ ಸಾಲಿನಲ್ಲಿ ತನ್ನ ಹೆಸರು, ಕೆಳಗೆ ಹೆಂಡತಿಯ ಗುಂಡಗಿನ ಸಹಿ ಕಂಡಿತು. ಅವನ ಕಣ್ಣು ತೇವವಾಯಿತು. "ಏನೇ ಆಗ್ಲಿ ಅಣ್ಣಾಚ್ಚಿ, ನಾಳೆ ನಿಮ್ಮ ಮನೆ ಮುಂದೆ ಬಂದಾಗ ಸ್ವಲ್ಪ ಕಮ್ಮಿ ಬೈತೀನಿ" ಎಂದ.

ಅಣ್ಣಾಚ್ಚಿ ಕಾಗದವನ್ನು ಅವನ ಜೇಬಿಗೆ ಅವರೇ ತುರುಕಿದರು. "ಮೊದಲು ಸಹಿ ತಗೊಂಡು ಬಾ."

ಬೀದಿಯವರು ಆ ದಿನ ಸಹಿ ಹಾಕಲು ಅಷ್ಟೊಂದು ಉತ್ಸಾಹ ತೋರಿಸಿದ್ದನ್ನು ನೋಡಿ ಇಸಕ್ಕಿಮುತ್ತು ಬೆರಗಾದ. ಪೆನ್ನು ಅವರ ಹತ್ತಿರವೇ ಇತ್ತು. ಆದರೆ ಕೊನೆಯ ದಿನವೆಂದು ಪ್ರತಿಯೊಬ್ಬರೂ ಒಂದೊಂದು ಕೆಲಸವನ್ನೂ ಹಚ್ಚಿದರು. ಮೂರನೆಯವರು ಅಟ್ಟದ ಮೇಲಿನ ಪಾತ್ರೆ ಇಳಿಸಿಕೊಂಡರು. ನಾಲ್ಕನೆಯ ಸಹಿ ನನ್ನದು. ನಾನು ಗೋಡೆ ಗಡಿಯಾರಕ್ಕೆ ಬ್ಯಾಟರಿ ಹಾಕಿಸಿಕೊಂಡೆ. ಕಾಗದ ಓದಲಿಲ್ಲ. ಓದಬೇಕಾಗಿತ್ತು.

ಐದನೆಯದು ಪಕ್ಕದ ಮನೆಯ ಸೊರ್ಣತ್ತಾಯಿ ಆಚ್ಚಿಯದು. ಆಚ್ಚಿ ಎಂದರೆ ಅಜ್ಜಿ, ಎಪ್ಪತ್ತರ ಮುದುಕಿ. ವರ್ಷದಿಂದ ಇಸಕ್ಕಿಮುತ್ತುವಿನ ಜಗಲಿಯ ಮೇಲೇ ಸಂಡಿಗೆ ಒಣಗಿಸಿ, ಅವನ ಕಂಬಕ್ಕೇ ಮೇಕೆ ಕಟ್ಟುತ್ತಿದ್ದಳು.

"ಸಹಿ ಏನಪ್ಪಾ, ಹತ್ತು ಬೆರಳೂ ಒತ್ತಿ ಕೊಡ್ತೀನಿ," ಎಂದಳು ಆಚ್ಚಿ. "ಕಾಗೆ ಕಾಟ. ಗುಡಿಗೆ ಹೋಗಿ ಬರ್ತೀನಿ, ಅಷ್ಟು ಹೊತ್ತು ಸಂಡಿಗೆ ಮೇಲೆ ಕೈಯಾಡಿಸ್ತಾ ಕೂತಿರು."

"ಆಚ್ಚಿ, ನಂಗೆ ಒಂಬತ್ತೂವರೆಗೆ ಡ್ಯೂಟಿ."

"ಏನೋ ದನಿ ಏರ್ತಾ ಇದೆಯಲ್ಲ? ಇದು ಜಗಳಾನಾ? ನಂಗೆ ಕಾನೂನು ಗೊತ್ತಿಲ್ಲ, ಮೇಡಂನೇ ಕೇಳ್ಬೇಕು."

ಇಸಕ್ಕಿಮುತ್ತು ಕುಳಿತ. ಹೋದವಳು ಮುಕ್ಕಾಲು ಗಂಟೆ ಬರಲಿಲ್ಲ. ಕಾಗೆಗಳ ಕಡೆ ಕೈಯಾಡಿಸುತ್ತಿದ್ದವನು ಮೇಕೆಯನ್ನು ಮರೆತ. ತಿರುಗಿ ನೋಡಿದಾಗ ಮೇಕೆಯ ಬಾಯಲ್ಲಿ ಕಾಗದದ ಒಂದು ಅಂಚು, ಅವನ ಜೇಬಿನಲ್ಲಿ ಇನ್ನೊಂದು ಅಂಚು.

"ಅ... ಅಮ್ಮಾ, ತಾಯಿ, ಬಿಟ್ಟುಬಿಡಮ್ಮ," ಎಂದ ಅವನು ಮೇಕೆಗೆ. ಗಂಟಲಲ್ಲಿ ಬಂದಿದ್ದ ಇನ್ನೊಂದು ಪದವನ್ನು ನುಂಗಿದಾಗ ಕತ್ತಿನ ನರ ಬಾವಿಯ ಹಗ್ಗದಂತೆ ಉಬ್ಬಿತು.

ಬಾಗಿಲಲ್ಲಿ ನಿಂತಿದ್ದ ಪೇಚ್ಚಿ ಕೇಳಿದಳು, "ಮೇಕೆಗೂ ಬೈಯಬಾರ್ದಾ?"

"ಮನುಷ್ಯರಿಗೆ ಮಾತ್ರ ಅಂತ ಮುಚ್ಚಳಿಕೇಲಿ ಬರ್ದಿಲ್ಲ ಪೇಚ್ಚಿ. ಇವತ್ತು ಯಾಕೆ ಅಪಾಯ?"

ಸಂಡಿಗೆ ಒಂದು ಹಿಡಿ ಲಂಚ ಕೊಟ್ಟ ಮೇಲೆ ಮೇಕೆ ಕಾಗದ ಬಿಟ್ಟಿತು. ಒಂದು ಮೂಲೆ ಹೋಗಿತ್ತು, ಟೈಪಿನ ಅಕ್ಷರಗಳಿಗೆ ಏನೂ ಆಗಿರಲಿಲ್ಲ. ಆಚ್ಚಿ ಬಂದು ಸಂಡಿಗೆ ಎಣಿಸಿ, ಹನ್ನೆರಡು ಕಮ್ಮಿ ಎಂದು ಬೀದಿಗೆಲ್ಲ ಕೇಳುವಂತೆ ಸಾರಿ, ಹೆಬ್ಬೆಟ್ಟು ಒತ್ತಿದಳು. ಒತ್ತಿ, ಅವನ ಕೆನ್ನೆ ಸವರಿ, "ನೂರು ಕಾಲ ಹೀಗೇ ಇರಪ್ಪಾ" ಎಂದು ಹರಸಿದಳು.

ಬಸ್ ಸ್ಟ್ಯಾಂಡಿಗೆ ಓಡಿಬಂದಾಗ ಹತ್ತೂಕಾಲು. ಒಂಬತ್ತು ಐವತ್ತಕ್ಕೆ ಹೊರಡಬೇಕಾದ ತೆನ್‌ಕಾಸಿ ಬಸ್ಸು ಇನ್ನೂ ನಿಂತಿತ್ತು. ಡ್ರೈವರ್ ಜೆಬರಾಜ್ ಸ್ಟಿಯರಿಂಗ್ ಮೇಲೆ ಕಾಲು ಚಾಚಿ ಪೇಪರು ಓದುತ್ತಿದ್ದ. ಇಸಕ್ಕಿಮುತ್ತು ಬಾಯಿ ಕಟ್ಟಿದ ವರ್ಷದಲ್ಲಿ ಬಸ್ಸುಗಳು ನದಿಯಂತಾಗಿದ್ದವು. ತಮಗೆ ತೋಚಿದಾಗ ಹರಿಯುತ್ತಿದ್ದವು.

"ಜೆಬರಾಜ್ ತಂಬಿ, ಟೈಮಾಯ್ತು. ದಯವಿಟ್ಟು ಹೊರಡ್ತೀರಾ?"

"ಬರ್ರಣ್ಣಾ! ಇವತ್ತು ಕೊನೆ ದಿನ ಅಂತೆ? ಒಂದೇ ಒಂದು ಸಲ ಹಳೇ ತರ ಕೂಗಿ, ಹೊರಟೇಬಿಡ್ತೀನಿ."

"ನಾಳೆ ಕೂಗ್ತೀನಿ ತಂಬಿ."

"ನಾಳೆ ನಂಗೆ ರಜ." ಜೆಬರಾಜ್ ಪುಟ ಮಗುಚಿದ.

ಬಸ್ಸಿನೊಳಗಿನಿಂದ ಜನ ಕಿಟಕಿಗಳಲ್ಲಿ ತಲೆ ಹಾಕಿದರು. "ಯೋವ್ ಟೈಂಕೀಪರೇ, ಬಾಯಿಗೆ ಏನು ಹಾಕ್ಕೊಂಡಿದೀಯಾ? ಬೈಯಯ್ಯಾ ಅವನನ್ನ!" ಎಂದು ಒಬ್ಬ. "ಸಂಬಳ ಯಾಕ್ ತಗೋತೀಯಾ?" ಎಂದು ಇನ್ನೊಬ್ಬಳು. ಮದುವೆಗೆ ಹೊರಟಿದ್ದ ಒಂದು ಗುಂಪು ಮುಹೂರ್ತ ಮೀರುತ್ತದೆಂದು ಇಳಿದು ಬಂದು, ಡ್ರೈವರನ್ನು ಬಿಟ್ಟು, ಇಸಕ್ಕಿಮುತ್ತುವನ್ನೇ ಸುತ್ತುವರಿದು ಬೈಯತೊಡಗಿತು. ಅವನು ಎರಡೂ ಕೈ ಜೋಡಿಸಿ ಮಧ್ಯೆ ನಿಂತ. ಆಲಂಗುಳಂ. ಅತ್ತಿಯೂತ್ತು. ಪಾವೂರ್‌ಛತ್ರಂ. ತೆನ್‌ಕಾಸಿ ಬಂತು, ಕೋಪ ಇಳಿಯಲಿಲ್ಲ. ಶೆಂಗೋಟ್ಟೈ ದಾಟಿ ಕೇರಳಕ್ಕೆ ಹೋದ. ಪುನಲೂರು. ಕೊಟ್ಟಾರಕ್ಕರ. ಮದುವಣಗಿತ್ತಿಯ ಅತ್ತೆ ಅವನ ಸೀಟಿಯನ್ನು ಕಿತ್ತುಕೊಂಡು ತಾನೇ ಊದಿದಾಗ ಅವನು ಕೊಲ್ಲಂ ತಲುಪಿದ್ದ. ಅಲ್ಲಿಂದ ಮುಂದೆ ಸಮುದ್ರ. ಬಸ್ ಹೋಗುವುದಿಲ್ಲ.

ಆಕೆ ಊದಿದ ಸೀಟಿಗೆ ಜೆಬರಾಜ್ ಹೆದರಿ ಬಸ್ಸು ಹೊರಡಿಸಿದ. ಹೋಗುವ ಮೊದಲು ಕಿಟಕಿಯಿಂದ ಕೈ ಚಾಚಿ ಕಾಗದ ಇಸಿದುಕೊಂಡು, ಸ್ಟಿಯರಿಂಗಿನ ಮೇಲಿಟ್ಟು ಆರನೆಯ ಸಹಿ ಹಾಕಿದ. ಅವನ ಕಂಡಕ್ಟರು ಏಳನೆಯದು. ಇಬ್ಬರೂ ನಮ್ಮ ಬೀದಿಯವರೇ.

"ನಾನು ಓದ್ಲಿಲ್ಲಣ್ಣಾ, ಆದ್ರೆ ವಿಷಯ ಗೊತ್ತು," ಎಂದ ಜೆಬರಾಜ್. "ಮನಸಾರೆ ಹಾಕಿದೀನಿ."

"ನೀನು ಒಳ್ಳೆಯವನು ತಂಬಿ. ನಿನ್ನನ್ನ ಭಾನುವಾರಕ್ಕೆ ಇಟ್ಕೊಂಡಿದೀನಿ."

ಎಂಟು, ಒಂಬತ್ತನ್ನು ಗುಡಿಯ ಪೂಜಾರಿ ಮತ್ತು ಧ್ವನಿವರ್ಧಕದ ಬಾಡಿಗೆಯವನು ಹಾಕಿದರು. ಬದಲಿಗೆ ಇಸಕ್ಕಿಮುತ್ತು ಬೇವಿನ ಮರ ಹತ್ತಿ, ತನ್ನ ಕಿಟಕಿಯ ಕಡೆಗಿದ್ದ ಧ್ವನಿವರ್ಧಕದೊಳಗೆ ಇದ್ದ ಗುಬ್ಬಚ್ಚಿ ಗೂಡನ್ನು ಎತ್ತಿ ಬೇರೆ ಕೊಂಬೆಗಿಟ್ಟು, ದನಿ ಇನ್ನಷ್ಟು ಸ್ಪಷ್ಟವಾಗಿ ಬರುವಂತೆ ಒರೆಸಿ ಕೊಡಬೇಕಾಯಿತು. "ನಾಲ್ಕು ದಿನದಿಂದ ನಿಮ್ಮ ಮನೆಗೆ ಸರಿಯಾಗಿ ಕೇಳಿಸ್ತಿರ್ಲಿಲ್ವೇನೋ ಅಂತ ನಮಗೆ ಬೇಜಾರಾಗಿತ್ತು" ಎಂದ ಬಾಡಿಗೆಯವನು.

ಹತ್ತನೆಯದು ಎಲ್ಲಕ್ಕಿಂತ ಮುಖ್ಯ. ಏಟ್ಟಯ್ಯ ಎಂದು ಊರೆಲ್ಲ ಕರೆಯುವ ಹೆಡ್ ಕಾನ್‌ಸ್ಟೆಬಲ್ ಅರುಣಾಚಲಪಾಂಡಿಯವರ ಸಹಿ. ಪೆಟ್ಟು ತಿಂದವರೇ ಕ್ಷಮಿಸಿದರೆ ಮೇಡಂ ಇನ್ನೇನು ಕೇಳಿಯಾರು?

ಠಾಣೆಯಲ್ಲಿ ಏಟ್ಟಯ್ಯ ಊಟದ ಡಬ್ಬಿ ಬಿಚ್ಚುತ್ತಿದ್ದರು. ಇಸಕ್ಕಿಮುತ್ತುವನ್ನು ಕಂಡ ತಕ್ಷಣ, ಅಭ್ಯಾಸಬಲದಿಂದ, ಮೇಲೆ ಏನಾದರೂ ತೂಗಾಡುತ್ತಿದೆಯೇ ಎಂದು ನೋಡಿಕೊಂಡರು. ಫ್ಯಾನು ಮಾತ್ರ ಇತ್ತು. ಕುರ್ಚಿಯನ್ನು ಅದರ ಕೆಳಗಿನಿಂದ ಸ್ವಲ್ಪ ಸರಿಸಿದರು.

"ಏನಯ್ಯಾ, ಬೇಲ್ ಮುಗೀತಾ?"

"ಬೇಲಲ್ಲ ಏಟ್ಟಯ್ಯ, ಪ್ರೊಬೇಷನ್."

"ನಂಗೆ ಪಾಠ ಹೇಳ್ತೀಯಾ? ಮೂವತ್ತು ವರ್ಷ ಸರ್ವೀಸು. ಕೇಳು. ಬೇಲು ಅಂದ್ರೆ ಇವನು ತಪ್ಪು ಮಾಡಿದಾನೋ ಇಲ್ವೋ ಗೊತ್ತಿಲ್ಲ, ಗೊತ್ತಾಗೋವರೆಗೆ ಹೊರಗಿರ್ಲಿ, ಕರೆದಾಗ ಬರ್ಲಿ ಅನ್ನೋದು. ಪ್ರೊಬೇಷನ್ ಅಂದ್ರೆ ತಪ್ಪು ಮಾಡಿದಾನೆ ಅಂತ ಗೊತ್ತಾಯ್ತು, ಆದ್ರೂ ಹೊರಗಿರ್ಲಿ, ನೋಡೋಣ ಅನ್ನೋದು. ಬೇಲಲ್ಲಿ ನಿನ್ನ ಮೇಲೆ ಅನುಮಾನ. ಇದರಲ್ಲಿ ನಿನ್ನ ಮೇಲೆ ನಂಬಿಕೆ. ಯಾವುದು ಕಷ್ಟ ಹೇಳು?"

"ನಂಬಿಕೆ ಏಟ್ಟಯ್ಯ," ಎಂದ ಇಸಕ್ಕಿಮುತ್ತು. ಹೃದಯದಿಂದ ಬಂದ ಮಾತು.

ಏಟ್ಟಯ್ಯ ಕನ್ನಡಕ ಹಾಕಿ ಕಾಗದ ಓದಿದರು. ಆ ದಿನ ಸಹಿ ಹಾಕುವ ಮೊದಲು ಅದನ್ನು ನಿಜವಾಗಿ ಓದಿದವರು ಅವರೊಬ್ಬರೇ. ಮೊದಲ ಪುಟ ಮುಗಿಯುವಾಗ ಹುಬ್ಬು ಏರಿತು. ಎರಡನೆಯ ಪುಟ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಹೊಟ್ಟೆ ಕುಲುಕಲು ಶುರುವಾಯಿತು. ಕಣ್ಣಲ್ಲಿ ನೀರು ಬಂತು. ಟೋಪಿ ತೆಗೆದು ತಲೆಯ ಗಾಯದ ಗುರುತನ್ನು ಪ್ರೀತಿಯಿಂದ ಸವರಿಕೊಂಡರು.

"ಇದನ್ನ ನೀನೇ ಹಿಡ್ಕೊಂಡು ಓಡಾಡ್ತಿದೀಯಾ?"

"ಬೆಳಿಗ್ಗೆಯಿಂದ ಏಟ್ಟಯ್ಯ. ಒಂದು ತೊಟ್ಟು ನೀರು ಕುಡಿದಿಲ್ಲ."

"ನೀನೇ ಮೇಡಂಗೆ ಕೊಡ್ತೀಯಾ? ನಿನ್ನ ಕೈಯಾರೆ?"

"ಬೇರೆ ಯಾರ ಮೇಲೂ ನಂಬಿಕೆ ಇಲ್ಲ ಏಟ್ಟಯ್ಯ."

ಏಟ್ಟಯ್ಯ ಎದ್ದು ನಿಂತು, ಸಹಿ ಹಾಕಿ, ಠಾಣೆಯ ಮೊಹರನ್ನೂ ಒತ್ತಿಬಿಡಬೇಕೆಂದು ಹೊರಟು, ಅದು ನಿಯಮವಲ್ಲವೆಂದು ನೆನಪಾಗಿ ನಿಂತರು. ಆಮೇಲೆ ಇಸಕ್ಕಿಮುತ್ತುವಿಗೆ ಸೆಲ್ಯೂಟ್ ಹೊಡೆದರು. ಆರು ಹೊಲಿಗೆಯ ಲೆಕ್ಕ ಚುಕ್ತಾ ಆಯಿತೆಂದು ಅವರು ಮನಸ್ಸಿನಲ್ಲಿ ಅಂದುಕೊಂಡಿರಬೇಕು. ಇಸಕ್ಕಿಮುತ್ತು ಮಾತ್ರ, ಪೊಲೀಸರಿಂದಲೇ ಸೆಲ್ಯೂಟ್ ತೆಗೆದುಕೊಂಡ ಮೊದಲ ಅಪರಾಧಿ ತಾನೆಂದು ಎದೆಯುಬ್ಬಿಸಿ ಹೊರಗೆ ಬಂದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಪ್ರೊಬೇಷನ್ ಅಧಿಕಾರಿ ಮರಗತವಲ್ಲಿಯವರ ಮೇಜಿನ ಮುಂದೆ ನಿಂತಿದ್ದ. ನಡುವಯಸ್ಸಿನ, ದಣಿದ ಮುಖದ ಹೆಂಗಸು. ಮೇಜಿನ ತುಂಬ ಕಡತ. ಅವರ ಕೈಕೆಳಗಿನ ನೂರಾರು ಜನರಲ್ಲಿ ಅರ್ಧ ಜನ ಹೇಳಿದ ದಿನ ಬರುವುದಿಲ್ಲ, ಬಂದವರಲ್ಲಿ ಅರ್ಧ ಜನ ನಿಜ ಹೇಳುವುದಿಲ್ಲ.

"ಕೂತ್ಕೊಳಿ ಇಸಕ್ಕಿಮುತ್ತು. ನಿಮ್ಮ ಮೇಲೆ ಒಂದು ದೂರೂ ಇಲ್ಲ. ನಾನು ಕೊನೆ ವರದಿ ಬರೆದಿಟ್ಟಿದೀನಿ. ಇವತ್ತಿಗೆ ಮುಗೀತು."

"ಒಂದು ನಿಮಿಷ ಮೇಡಂ," ಎಂದ ಅವನು, ಹೆಮ್ಮೆಯಿಂದ. "ನೀವು ಕೇಳಿದ ಕಾಗದ."

"ನಾನು ಯಾವ ಕಾಗದಾನೂ ಕೇಳಿಲ್ಲವಲ್ಲ," ಎನ್ನುತ್ತ ಮೇಡಂ ಓದತೊಡಗಿದರು.

ಓದುತ್ತ ಓದುತ್ತ ಅವರ ಮುಖದ ದಣಿವು ಇಳಿಯಿತು. ಕಾಗದ ಕೆಳಗಿಟ್ಟು, ಕನ್ನಡಕ ತೆಗೆದು, ಸೆರಗಿನಿಂದ ಒರೆಸಿಕೊಂಡರು.

"ಹದಿನೆಂಟು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು," ಎಂದರು. "ಯಾವಾಗ ಬಿಡ್ತೀರಿ, ಯಾವಾಗ ಬಿಡ್ತೀರಿ ಅಂತ ಕೇಳ್ದವರನ್ನೇ ನೋಡಿದೀನಿ. ಇನ್ನೂ ಎರಡು ವರ್ಷ ಇಟ್ಕೊಳ್ಳಿ ಅಂತ ತಾವೇ ಮನೆ ಮನೆ ತಿರುಗಿ ಸಹಿ ಮಾಡಿಸಿ ತಂದವರನ್ನ ಇವತ್ತೇ ನೋಡಿದ್ದು."

ಕಿಟಕಿಯ ಹೊರಗೆ ಒಂದು ಬಸ್ಸು ಹಾರ್ನ್ ಹೊಡೆಯಿತು. ಯಾವ ಬಸ್ಸೆಂದು ಇಸಕ್ಕಿಮುತ್ತುವಿಗೆ ತಿಳಿಯಲಿಲ್ಲ. ಅವನ ಬದುಕಿನಲ್ಲಿ ಅದೇ ಮೊದಲು.

"ಎರಡು... ವರ್ಷ?"

"ಹೌದಲ್ಲ, ಇದರಲ್ಲಿದೆಯಲ್ಲ." ಮೇಡಂ ಬೆರಳಿಟ್ಟು ತಮಿಳಿನಲ್ಲಿ ಓದಿ ಹೇಳಿದರು. ಈ ಮೇಲ್ಕಂಡ ಇಸಕ್ಕಿಮುತ್ತು ಎಂಬವರು ಪ್ರೊಬೇಷನ್ನಿನಲ್ಲಿದ್ದ ಒಂದು ವರ್ಷದಲ್ಲಿ ಪಡುವಣ ಬೀದಿಯಲ್ಲಿ ಹಿಂದೆಂದೂ ಇಲ್ಲದ ಶಾಂತಿ ನೆಲೆಸಿರುವುದರಿಂದಲೂ, ಸದರಿ ಅವಧಿ ಮುಗಿದ ಮರುದಿನ ಬೆಳಿಗ್ಗೆ ಆರು ಗಂಟೆಗೆ ಸದರಿ ಶಾಂತಿ ಮುಗಿಯುವುದೆಂದು ಸದರಿಯವರೇ ತಿಳಿಸಿರುವುದರಿಂದಲೂ, ಕಾನೂನಿನಲ್ಲಿ ಅವಕಾಶವಿರುವಂತೆ ಅವಧಿಯನ್ನು ಒಟ್ಟು ಮೂರು ವರ್ಷಕ್ಕೆ ವಿಸ್ತರಿಸಲು ಮಾನ್ಯ ನ್ಯಾಯಾಲಯವನ್ನು ಕೋರಬೇಕೆಂದು ಬೀದಿಯ ನಿವಾಸಿಗಳು ಬೇಡಿಕೊಳ್ಳುತ್ತಾರೆ.

"ಅವಧಿ ಮುಗಿಯೋದ್ರೊಳಗೆ ನಾನು ಕೋರ್ಟಿಗೆ ಕೇಳ್ಬಹುದು, ಮೂರು ವರ್ಷ ಮೀರೋ ಹಾಗಿಲ್ಲ. ಇವತ್ತೇ ತಂದದ್ದು ಒಳ್ಳೇದಾಯ್ತು. ಗಾಯ ಆದ ಏಟ್ಟಯ್ಯನೇ ಸಹಿ ಹಾಕಿದಾರೆ ನೋಡಿ, ಇದಕ್ಕಿಂತ ಇನ್ನೇನು ಬೇಕು? ಈಗ್ಲೇ ಕಳಿಸ್ತೀನಿ. ನಿಮಗೂ ಒಪ್ಪಿಗೆ ತಾನೆ?"

ಒಪ್ಪಿಗೆಯಿಲ್ಲ ಎನ್ನಬಹುದಿತ್ತು. ಹಾಗೆ ಹೇಳಲು ಅವನು ಬಾಯಿ ತೆರೆದ. ಆದರೆ ಒಂದು ವರ್ಷದಿಂದ ಒಳಗೆ ಒತ್ತಿಟ್ಟದ್ದೆಲ್ಲ ಆ ಬಾಗಿಲಿಗೇ ಬಂದು ಮುಗಿಬಿದ್ದದ್ದು ಅವನಿಗೆ ತಿಳಿಯಿತು. ಒಂದು "ಇಲ್ಲ"ವನ್ನು ಬಿಟ್ಟರೆ ಅದರ ಹಿಂದೆ ಮೇಕೆ, ಆಚ್ಚಿ, ಜೆಬರಾಜ್, ಮದುವೆ ದಿಬ್ಬಣ, ಎಲ್ಲವೂ ಹೊರಬೀಳುತ್ತದೆ. ಅದೂ ಅಧಿಕಾರಿಯ ಮುಂದೆ, ಮುಚ್ಚಳಿಕೆಯ ಕೊನೆಯ ಸಂಜೆ. ಹಾಗಾದರೆ ಎರಡು ವರ್ಷವಲ್ಲ, ನೇರ ಜೈಲು. ಅವನು ಬಾಯಿ ಮುಚ್ಚಿದ. ಮುಚ್ಚಿದ ಬಾಯಿ ದೂರದಿಂದ ಮುಗುಳ್ನಗೆಯಂತೆ ಕಾಣುತ್ತಿತ್ತು.

"ನಗ್ತಾ ಇದೀರಾ! ಎಂಥ ದೊಡ್ಡ ಮನಸ್ಸು ನಿಮ್ಮದು," ಎಂದರು ಮೇಡಂ. ತಾವು ಬರೆದಿಟ್ಟಿದ್ದ ಕೊನೆಯ ವರದಿಯನ್ನು ಅವನ ಕಣ್ಣೆದುರೇ ನಾಲ್ಕು ಚೂರು ಮಾಡಿದರು.

ಆರು ಗಂಟೆಗೆ ಅವನು ಬೀದಿಗೆ ಬಂದಾಗ ಜಗಲಿಗಳ ಮೇಲೆ ಜನ ಕಾಯುತ್ತಿದ್ದರು. ಅವನ ಮುಖ ನೋಡಿ ಒಬ್ಬೊಬ್ಬರೇ ನೆಮ್ಮದಿಯ ಉಸಿರು ಬಿಟ್ಟು ಒಳಗೆ ಹೋಗಿ ಒಗ್ಗರಣೆ ಹಾಕಿದರು. ಅಣ್ಣಾಚ್ಚಿ ಮಾತ್ರ ದಾಟಿ ಬಂದು, "ಮನಸ್ಸಿಗೆ ಹಚ್ಕೋಬೇಡಲೇ. ಗಂಡಿನ ಕಡೆಯವರು ಒಪ್ಪಿದಾರೆ. ಮದುವೆಗೆ ನೀನು ಇರ್ಲೇಬೇಕಂತೆ, ಇದೇ ಸ್ಥಿತೀಲಿ" ಎಂದರು.

ಮನೆಯಲ್ಲಿ ಪೇಚ್ಚಿ ತಟ್ಟೆ ಹಾಕಿ ತೆಂಗಿನಹಾಲಿನ ಸೊದಿ ಬಡಿಸುತ್ತಿದ್ದಳು. ಅವನು ಕೈ ತೊಳೆಯದೆ ನಿಂತ.

"ಮೊದಲ ಸಹಿ ನಿಂದು."

"ಅಣ್ಣಾಚ್ಚಿ ತಂದ್ರು. ಹಾಕು ಅಂದ್ರು."

"ಏನು ಬರ್ದಿದೆ ಅಂತ ಕೇಳಿದ್ಯಾ?"

ಪೇಚ್ಚಿ ಸೌಟನ್ನು ಪಾತ್ರೆಯಲ್ಲಿಟ್ಟಳು. "ನಮ್ಮ ಮದುವೆಯಾಗಿ ಹದಿನೇಳು ವರ್ಷ. ಹದಿನಾರು ವರ್ಷ ನಾನು ಏನು ಹೇಳೋಕೆ ಹೋದ್ರೂ ಅರ್ಧಕ್ಕೇ ನಿಮ್ಮ ಕೂಗು ಬರ್ತಿತ್ತು. ಈ ಒಂದು ವರ್ಷ ನಾನು ಶುರು ಮಾಡಿದ ಮಾತು ನಾನೇ ಮುಗಿಸಿದೀನಿ." ಸೌಟನ್ನು ಮತ್ತೆ ಎತ್ತಿಕೊಂಡು, "ಅನ್ನ ಆರಿಹೋಗ್ತದೆ" ಎಂದಳು.

ಇಸಕ್ಕಿಮುತ್ತು ಕೈ ತೊಳೆದು ಬಂದು ಕುಳಿತು ಉಂಡ. ಅವಳು ಏನೇನೋ ಹೇಳುತ್ತಿದ್ದಳು, ತಂಗಿಯ ಮನೆಯ ಸುದ್ದಿ, ಮಿಕ್ಸಿಯ ಸದ್ದು, ಹಿತ್ತಲಿನ ನಿಂಬೆಗಿಡ. ಅವನು ಕೊನೆಯವರೆಗೂ ಕೇಳಿದ. ಬೇರೆ ದಾರಿಯೇ ಇರಲಿಲ್ಲ.

ಕೋರ್ಟು ಆ ಅರ್ಜಿಯನ್ನು ಒಪ್ಪಿತೋ ಬಿಟ್ಟಿತೋ ನನಗೆ ತಿಳಿಯದು. ವಿಚಾರಣೆಗೆ ದಿನ ಕೊಡುವ ಮೊದಲೇ ನಾನು ಆ ಊರು ಬಿಡಬೇಕಾಯಿತು. ಪೇಚ್ಚಿಗೆ ಇಂಗ್ಲಿಷ್ ಬರುತ್ತಿತ್ತೇ ಎಂಬುದೂ ತಿಳಿಯದು. ಕೇಳಬೇಕೆಂದು ಎರಡು ಸಲ ಅವರ ಬಾಗಿಲವರೆಗೆ ಹೋಗಿದ್ದೆ. ಎರಡು ಸಲವೂ ಅವಳು ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ನಡುವೆ ಬಾಯಿ ಹಾಕುವುದು ಸರಿಯೆನಿಸಲಿಲ್ಲ.